ಹಿಂಸೋಪಕರಣಕ್ಕೂ ಜೀರ್ಣೋದ್ಧಾರವೇ?

ಜೀರ್ಣೋದ್ಧಾರವೆಂಬುದು ಶ್ರಾವಕ ಸಮಾಜಕ್ಕೆ ಬಹು ಪ್ರಿಯವಾದ ಶಬ್ದ. ಕುಸಿದ ಬಸದಿಯ ಗೋಡೆಯನ್ನು ಎತ್ತಿ ನಿಲ್ಲಿಸುವವನೂ, ಮೂಡಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳಂಥ ತಾಳೆಯೋಲೆಗಳನ್ನು ಹುಳು ತೇವಗಳಿಂದ ಕಾಪಾಡುವವನೂ ಸಮಾನವಾಗಿ ಪುಣ್ಯಭಾಗಿಗಳೆಂಬ ನಂಬಿಕೆ ಈ ನಾಡಿನಲ್ಲಿ ಬಹಳ ಹಳೆಯದು. ಹಿಂದಿನವರು ಮಾಡಿಟ್ಟುದನ್ನು ಎಸೆಯದೆ ಉಳಿಸಿಕೊಳ್ಳುವ ಮನಸ್ಸಿನಲ್ಲಿ ವಿನಯವಿದೆ, ಮಿತವ್ಯಯವಿದೆ. ಆ ಗೌರವದ ನೆರಳಿನಲ್ಲಿಯೇ ಇನ್ನೊಂದು ಬಗೆಯ ಜೀರ್ಣೋದ್ಧಾರವೂ ಈಗ ಮಾನ್ಯತೆಯನ್ನು ಬೇಡುತ್ತಿದೆ. ಎರಡನೆಯ ಮಹಾಯುದ್ಧದಲ್ಲಿ ಅಡಗಿ ಕುಳಿತು ಗುರಿಯಿಟ್ಟು ಕೊಲ್ಲುವುದಕ್ಕೆಂದೇ ಸಿದ್ಧವಾದ ಸ್ನೈಪರ್ ರೈಫಲುಗಳನ್ನು ಅಗ್ಗದಲ್ಲಿ ಕೊಂಡು, ಮನೆಯ ನೆಲಮಾಳಿಗೆಯಲ್ಲಿ ತಿಕ್ಕಿ ತೊಳೆದು, ಮೊದಲಿನಂತೆ ಮಾಡುವ ಹವ್ಯಾಸವದು. ಅದರ ತವರು ಅಮೆರಿಕ ಸಂಯುಕ್ತ ಸಂಸ್ಥಾನ. ಅಲ್ಲಿ ನೆಲೆಸಿರುವ ಶ್ರಾವಕ ಕುಟುಂಬಗಳ ಮಕ್ಕಳು ಬೆಳೆಯುವ ನೆರೆಹೊರೆಯಲ್ಲಿಯೇ ಅದು ನಡೆಯುತ್ತಿರುವುದರಿಂದ, ಇದು ಪರದೇಶದ ಮಾತೆಂದು ಸುಮ್ಮನಿರುವಂತಿಲ್ಲ.

ಈ ಹವ್ಯಾಸದಲ್ಲಿ ಕೈಯಲ್ಲಿ ಹಣ ಕಡಿಮೆಯಿದ್ದವನ ಪಾಲಿಗೆ ಬರುವುದು ರಷ್ಯದ ಮೊಸಿನ್-ನಗಾಂ ರೈಫಲು. ೧೮೯೧ರಲ್ಲಿ ಸೈನ್ಯಕ್ಕೆ ಸೇರಿ, ೧೯೩೦ರಲ್ಲಿ ಪರಿಷ್ಕಾರ ಹೊಂದಿ, ೯೧/೩೦ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ೧೯೪೨ರಿಂದ ತೂಲಾ ಮತ್ತು ಇಝೆವ್ಸ್ಕ್ ನಗರಗಳ ಕಾರ್ಖಾನೆಗಳು ಇವುಗಳಲ್ಲಿ ಗುರಿ ತಪ್ಪದಂಥವನ್ನು ಆಯ್ದು, ತೋಟಾ ಕೂರುವ ಉಕ್ಕಿನ ಗೂಡಿನ ಎಡಮಗ್ಗುಲಲ್ಲಿ ರಂಧ್ರ ಕೊರೆದು, ಮೂರೂವರೆ ಪಟ್ಟು ಹಿಗ್ಗಿಸಿ ತೋರುವ 'ಪಿಯು' ಎಂಬ ದುರ್ಬೀನನ್ನು ಜೋಡಿಸಿದವು. ಬೋಲ್ಟಿನ ನೇರವಾದ ಹಿಡಿ ದುರ್ಬೀನಿಗೆ ತಾಗುತ್ತದೆಂದು ಅದನ್ನು ಉದ್ದಗೊಳಿಸಿ ಕೆಳಕ್ಕೆ ಬಾಗಿಸಿದವು. ದುರ್ಬೀನಿನ ಮೇಲಿನ ತಿರುಗುಬಿಲ್ಲೆಯಲ್ಲಿ ೧,೩೦೦ ಮೀಟರಿನವರೆಗೆ ಅಂಕಗಳನ್ನು ಕೆತ್ತಲಾಗಿದೆ. ಮುಕ್ಕಾಲು ಮೈಲಿಗೂ ಕಡಿಮೆಯಲ್ಲದ ದೂರದಲ್ಲಿ, ತನ್ನ ಪಾಡಿಗೆ ತಾನು ನಡೆದುಹೋಗುತ್ತಿರುವ ಒಬ್ಬ ಮನುಷ್ಯನಿಗಾಗಿ ಕೆತ್ತಿದ ಅಂಕಗಳವು.

ಯುದ್ಧ ಮುಗಿದ ಮೇಲೆ ನಡೆದುದು ಗಮನಾರ್ಹ. ಸೋವಿಯತ್ ಸೈನ್ಯವೇ ಇಂಥ ಅನೇಕ ರೈಫಲುಗಳ ದುರ್ಬೀನನ್ನು ಕಳಚಿತು, ರಂಧ್ರಗಳನ್ನು ಮುಚ್ಚಿತು, ಲೋಹದ ಮೇಲೆ ಕೆತ್ತಿದ್ದ ದುರ್ಬೀನಿನ ಸಂಖ್ಯೆಯನ್ನು ಗೀಟೆಳೆದು ಹೊಡೆದುಹಾಕಿತು, ಬಾಗಿದ ಹಿಡಿಯನ್ನು ತೆಗೆದು ನೇರ ಹಿಡಿಯನ್ನು ಹಾಕಿತು. ಆಮೇಲೆ ಮೇಣದಂಥ ಜಿಡ್ಡನ್ನು ಬಳಿದು ಉಗ್ರಾಣಕ್ಕೆ ತಳ್ಳಿತು. ಅಹಿಂಸೆಯ ಮೇಲಿನ ಪ್ರೀತಿಯಿಂದ ಹಾಗೆ ಮಾಡಿತೆಂದು ಯಾರೂ ಹೇಳಲಾರರು. ಉಗ್ರಾಣದ ಲೆಕ್ಕಾಚಾರವೇ ಕಾರಣವಾಗಿರಬೇಕು. ಕಾರಣವೇನಾದರೂ ಇರಲಿ, ಆ ರೈಫಲಿನ ಕಣ್ಣನ್ನು ಅದನ್ನು ಮಾಡಿದವರೇ ಕಿತ್ತಿದ್ದರು. ಸೋವಿಯತ್ ಒಕ್ಕೂಟ ಒಡೆದ ಬಳಿಕ ಇವು ರಾಶಿರಾಶಿಯಾಗಿ ಅಮೆರಿಕಕ್ಕೆ ಬಂದವು. ಸಾಮಾನ್ಯ ೯೧/೩೦ ರೈಫಲು ಬಹುಕಾಲ ನೂರು ಡಾಲರಿನೊಳಗೆ ಸಿಗುತ್ತಿತ್ತು. ಆ ರಾಶಿಯಲ್ಲಿ ಮುಚ್ಚಿದ ರಂಧ್ರದ ಗುರುತುಳ್ಳ ಒಂದನ್ನು ಹುಡುಕಿ ತೆಗೆಯುವುದು, ಹಾಗೆ ತೆಗೆದುದಕ್ಕೆ ಹೊಸ ಕಣ್ಣನ್ನು ಕೂಡಿಸುವುದು, ಇದೇ ಅಲ್ಪವ್ಯಯದ ಜೀರ್ಣೋದ್ಧಾರ.

ಕೆಲಸದ ಮೊದಲ ಭಾಗದಲ್ಲಿ ಯಾರೂ ದೋಷವೆಣಿಸಬೇಕಾಗಿಲ್ಲ. ಕುದಿನೀರು, ಸೀಮೆಎಣ್ಣೆಗಳಿಂದ ಹಳೆಯ ಜಿಡ್ಡನ್ನು ಕರಗಿಸುತ್ತಾರೆ. ಮರದಲ್ಲಿ ತಗ್ಗು ಬಿದ್ದಲ್ಲಿ ಒದ್ದೆ ಬಟ್ಟೆಯನ್ನು ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಒತ್ತಿದರೆ ಆವಿಗೆ ಮರದ ನಾರು ಉಬ್ಬಿ ತಗ್ಗು ಮೇಲೇಳುತ್ತದೆ. ರಷ್ಯದ ಬರ್ಚ್ ಮರಕ್ಕೆ ಅರಗಿನ ಮೆರುಗು, ಬ್ರಿಟಿಷ್ ರೈಫಲಿನ ಅಕ್ರೋಟು ಮರಕ್ಕೆ ಅಗಸೆ ಎಣ್ಣೆ. (ಆ ಅರಗು ಕೀಟಜನ್ಯವೆಂಬುದನ್ನೂ, ಲಾಕ್ಷಾವಾಣಿಜ್ಯವನ್ನು ಶ್ರಾವಕನಿಗೆ ನಿಷಿದ್ಧವಾದ ವ್ಯಾಪಾರಗಳಲ್ಲಿ ಎಣಿಸಿರುವುದನ್ನೂ ಬಲ್ಲವರು ಇಲ್ಲಿಯೇ ಒಮ್ಮೆ ನಿಂತಾರು, ಆದರೆ ಈ ವ್ಯವಹಾರದಲ್ಲಿ ಅದು ಅತ್ಯಂತ ಸಣ್ಣ ದೋಷ.) ಬೆರಳಿಗೆ ಮರದ ಗುಣ ತಿಳಿಯುವುದು, ಅವಸರವನ್ನು ಅಡಗಿಸಿಕೊಂಡು ಪದರದ ಮೇಲೆ ಪದರವಾಗಿ ಮೆರುಗನ್ನು ಹಚ್ಚುವುದು ಒಂದು ಶಿಸ್ತು. ಕೆಲಸ ಇಷ್ಟಕ್ಕೇ ನಿಂತಿದ್ದರೆ ಈ ಲೇಖನಕ್ಕೆ ಕಾರಣವೇ ಇರುತ್ತಿರಲಿಲ್ಲ.

ಆದರೆ ಅದು ಇಷ್ಟಕ್ಕೆ ನಿಲ್ಲುವುದಿಲ್ಲ. ನಳಿಗೆಯೊಳಗಿನ ಸುರುಳಿಗೀರುಗಳು ಸವೆದಿವೆಯೋ ಇಲ್ಲವೋ ಎಂದು ಅಳೆಯುತ್ತಾರೆ. ಮುಚ್ಚಿದ ರಂಧ್ರಗಳನ್ನು ಬಿಡಿಸುತ್ತಾರೆ. ಅಸಲು ದುರ್ಬೀನಿಗೆ ಬೆಲೆ ಹೆಚ್ಚಾದುದರಿಂದ ಅದರ ಪಡಿಯಚ್ಚನ್ನು ತರಿಸಿ ಕೂಡಿಸುತ್ತಾರೆ. ಈ ದುರ್ಬೀನಿನ ಗುರಿಗೆರೆ ತಿರುಗಿಸಿದಂತೆಲ್ಲ ಗಾಜಿನ ನಡುವಿನಿಂದ ಸರಿದುಹೋಗುವಂಥದು. ಆದುದರಿಂದ ಅದು ನಡುವಿನಲ್ಲಿಯೇ ನಿಲ್ಲುವಂತೆ ಆಧಾರವನ್ನು ಕೂದಲೆಳೆಯಷ್ಟು ಅರದಿಂದ ಉಜ್ಜುತ್ತಾರೆ, ಇಲ್ಲವೆ ತೆಳುತಗಡನ್ನು ಇಡುತ್ತಾರೆ. ಬಳಿಕ ಬಯಲಿಗೆ ಹೋಗಿ ಗುಂಡು ಹಾರಿಸಿ ನೋಡುತ್ತಾರೆ, ಮತ್ತೆ ತಿದ್ದುತ್ತಾರೆ. ಹಳೆಯ ಸೈನಿಕ ತೋಟಾಗಳ ಮದ್ದು ನಳಿಗೆಯಲ್ಲಿ ಉಪ್ಪನ್ನು ಉಳಿಸಿ ತುಕ್ಕು ಹಿಡಿಸುವುದರಿಂದ, ಹಾರಿಸಿದ ದಿನವೇ ಬಿಸಿನೀರೆರೆದು ತೊಳೆಯುತ್ತಾರೆ. ನೂರು ಹೆಜ್ಜೆಯಾಚೆ ಒಂದೇ ಅಂಗೈಯಗಲದಲ್ಲಿ ಗುಂಡುಗಳೆಲ್ಲ ಬಿದ್ದ ದಿನ ಜೀರ್ಣೋದ್ಧಾರ ಪೂರ್ಣವಾಯಿತೆಂದು ಹೇಳುತ್ತಾರೆ. ಪೂರ್ಣವಾದುದು ಯಾವುದು? ಮರ ಹೊಳೆದ ದಿನ ಪೂರ್ಣವಾಗಲಿಲ್ಲ, ತುಕ್ಕು ಹೋದ ದಿನ ಪೂರ್ಣವಾಗಲಿಲ್ಲ. ದೂರದಿಂದ ಕೊಲ್ಲುವ ಸಾಮರ್ಥ್ಯ ಮರಳಿ ಬಂದ ದಿನವೇ ಪೂರ್ಣವಾಯಿತು.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವಕ್ಕೆ ಆಶ್ರಯವಾಗುವ ಅಜೀವಾಧಿಕರಣಗಳನ್ನು ಹೇಳುವಾಗ ನಿರ್ವರ್ತನೆ, ನಿಕ್ಷೇಪ, ಸಂಯೋಗ, ನಿಸರ್ಗಗಳೆಂದು ವಿಂಗಡಿಸಿದೆ. ವಸ್ತುವನ್ನು ನಿರ್ಮಿಸುವುದು ಒಂದು, ಇಡುವುದು ಒಂದು, ಒಂದನ್ನು ಇನ್ನೊಂದಕ್ಕೆ ಕೂಡಿಸುವುದು ಒಂದು, ಮನೋವಾಕ್ಕಾಯಗಳನ್ನು ಪ್ರವರ್ತಿಸುವುದು ಮತ್ತೊಂದು. 'ನಾನು ಬಂದೂಕನ್ನು ಮಾಡಲಿಲ್ಲ, ಯಾರನ್ನೂ ಹೊಡೆಯಲಿಲ್ಲ, ಇದ್ದುದನ್ನು ಕೂಡಿಸಿದೆ ಅಷ್ಟೆ' ಎನ್ನುವ ಹವ್ಯಾಸಿಗೆ ಈ ವಿಂಗಡಣೆಯಲ್ಲಿ ತಪ್ಪಿಸಿಕೊಳ್ಳಲು ಎಡೆಯಿಲ್ಲ. ಕೂಡಿಸುವುದನ್ನು ಕರ್ಮಬಂಧದ ಸ್ವತಂತ್ರ ಆಶ್ರಯವೆಂದೇ ಆಚಾರ್ಯರು ಎಣಿಸಿದ್ದಾರೆ. ನಳಿಗೆ ಬೇರೆ, ಗಾಜು ಬೇರೆ ಇದ್ದಾಗ ಇಲ್ಲದ ಒಂದು ಶಕ್ತಿ ಅವೆರಡೂ ಕೂಡಿದಾಗ ಹುಟ್ಟುತ್ತದೆಂಬುದನ್ನು ಸೈನ್ಯದ ಕಾರ್ಖಾನೆಯವರೂ ಬಲ್ಲರು. ಬಲ್ಲವರಾದುದರಿಂದಲೇ ಒಂದು ಕಾಲದಲ್ಲಿ ಕೂಡಿಸಿದರು, ಇನ್ನೊಂದು ಕಾಲದಲ್ಲಿ ಬಿಡಿಸಿದರು.

ಈ ಹವ್ಯಾಸದ ಪರವಾಗಿ ಮೊದಲು ಕೇಳಿಬರುವ ಮಾತು ಅಗ್ಗದ್ದು: 'ಇದು ಸಾಧಾರಣ ಜನರ ಹವ್ಯಾಸ, ಐಶ್ವರ್ಯದ ಪ್ರದರ್ಶನವಲ್ಲ.' ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯು ೧೯೪೨ರಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಲೀ-ಎನ್‌ಫೀಲ್ಡ್ ರೈಫಲುಗಳಿಗೆ ದುರ್ಬೀನು ಕೂಡಿಸಿ ನಂ. ೪ (ಟಿ) ಎಂಬ ಸ್ನೈಪರ್ ರೈಫಲನ್ನಾಗಿ ಮಾಡಿತು. ಅದರ ಅಸಲು ಪ್ರತಿಗೆ ಇಂದು ಸಾವಿರಾರು ಡಾಲರು ಬೇಕು. ಹಾಗಿರುವಾಗ ಬಿಡಿಭಾಗಗಳನ್ನು ಒಂದೊಂದಾಗಿ ಕೂಡಿಹಾಕಿ ಅಂಥದೊಂದನ್ನು ಕೈಯಾರೆ ಮಾಡಿಕೊಳ್ಳುವವನು ಪರಿಗ್ರಹವನ್ನು ಕಡಿಮೆ ಮಾಡಿಕೊಂಡವನಲ್ಲವೆ ಎಂಬ ವಾದವೂ ಉಂಟು. ಅಪರಿಗ್ರಹವು ಬೆಲೆಚೀಟಿಯ ಲೆಕ್ಕವಲ್ಲ. ಅಗ್ಗದ ವಿಷವು ಬೆಲೆಯುಳ್ಳ ವಿಷಕ್ಕಿಂತ ಹೆಚ್ಚು ಮನೆಗಳಿಗೆ ಹೋಗುತ್ತದೆ, ಅಷ್ಟೆ.

ಅಗ್ಗದ ಸೈನಿಕ ರೈಫಲಿಗೆ ಅಗ್ಗದ ದುರ್ಬೀನನ್ನು ಕೂಡಿಸಿದರೆ ಏನಾದೀತೆಂಬುದಕ್ಕೆ ಅಮೆರಿಕದ ಚರಿತ್ರೆಯಲ್ಲಿಯೇ ದೊಡ್ಡ ನಿದರ್ಶನವಿದೆ. ೧೯೬೩ರ ಮಾರ್ಚಿಯಲ್ಲಿ ಲೀ ಹಾರ್ವೆ ಓಸ್ವಾಲ್ಡ್ ಎಂಬವನು ಸುಳ್ಳು ಹೆಸರಿನಲ್ಲಿ ಷಿಕಾಗೋದ ಅಂಗಡಿಯೊಂದಕ್ಕೆ ಬರೆದು ಅಂಚೆಯ ಮೂಲಕ ತರಿಸಿಕೊಂಡುದು ೧೯೪೦ರಲ್ಲಿ ಇಟಲಿಯ ಸೈನ್ಯಕ್ಕಾಗಿ ತಯಾರಾಗಿದ್ದ ಕಾರ್ಕಾನೋ ರೈಫಲನ್ನು. ಅದರ ಮೇಲೆ ಜಪಾನಿನಲ್ಲಿ ತಯಾರಾದ ನಾಲ್ಕು ಪಟ್ಟಿನ ಸಾಧಾರಣ ದುರ್ಬೀನು. ಎರಡಕ್ಕೂ ಸೇರಿ ೧೯ ಡಾಲರು ೯೫ ಸೆಂಟು. ಸಾಗಣೆಯ ವೆಚ್ಚ ಬೇರೆ. ಅದೇ ವರ್ಷ ನವೆಂಬರ್ ೨೨ರಂದು ಡಲ್ಲಾಸಿನಲ್ಲಿ ರಾಷ್ಟ್ರಾಧ್ಯಕ್ಷ ಕೆನೆಡಿಯವರನ್ನು ಕೊಂದುದು ಆ ರೈಫಲೇ ಎಂದು ವಾರೆನ್ ಆಯೋಗ ನಿರ್ಣಯಿಸಿತು. ಹಳೆಯ ಯುದ್ಧದ ಉಳಿಕೆ ಮಾಲು, ಕನಿಷ್ಠ ವೆಚ್ಚ, ಮೇಲೊಂದು ಗಾಜು: ಹವ್ಯಾಸಿಯ ಮೇಜಿನ ಮೇಲಿರುವ ಸಾಮಗ್ರಿಗೂ ಇದಕ್ಕೂ ಜಾತಿಭೇದವಿಲ್ಲ. ೧೯೬೮ರ ಬಂದೂಕು ನಿಯಂತ್ರಣ ಶಾಸನವು ಅಂಚೆಯ ಮೂಲಕ ನಡೆಯುತ್ತಿದ್ದ ಮಾರಾಟವನ್ನೂ ವಿದೇಶಗಳ ಸೈನಿಕ ಬಂದೂಕುಗಳ ಆಮದನ್ನೂ ತಡೆದುದು ಈ ಹತ್ಯೆಯ, ಅದರ ಬಳಿಕದ ಹತ್ಯೆಗಳ ನೆನಪಿನಿಂದ. ೧೯೮೪ರಲ್ಲಿ 'ಕುತೂಹಲದ ವಸ್ತುಗಳು, ಸ್ಮಾರಕಗಳು' ಎಂಬ ಹೆಸರಿನಡಿ ಆಮದಿನ ಬಾಗಿಲು ಮತ್ತೆ ತೆರೆಯಿತು. ಐವತ್ತು ವರ್ಷ ಕಳೆದ ಬಂದೂಕು ಆ ದೇಶದ ಕಾನೂನಿನ ಕಣ್ಣಿಗೆ ಸ್ಮಾರಕವಾಗಬಲ್ಲದು. ಐವತ್ತು ವರ್ಷ ಕಳೆದರೆ ಗುಂಡಿನ ವೇಗ ಕಡಿಮೆಯಾಗುವುದೆಂದು ಆ ಶಾಸನವೂ ಹೇಳುವುದಿಲ್ಲ.

ಎರಡನೆಯ ವಾದ ಇತಿಹಾಸದ ಹೆಸರಿನದು. ಇದನ್ನು ಹೇಳುವವರು ಸಜ್ಜನರು, ಓದಿಕೊಂಡವರು. ಒಂದು ತಲೆಮಾರಿನ ಸಂಕಟದ ಸಾಕ್ಷಿಯನ್ನು ಉಳಿಸುತ್ತಿದ್ದೇವೆಂಬುದು ಅವರ ಮಾತು. ಹಾಗಾದರೆ ಸಾಕ್ಷಿ ಹೇಗೆ ನುಡಿಯುತ್ತಿದೆಯೆಂದು ನೋಡಬೇಕು. ಕಣ್ಣು ಕಳೆದುಕೊಂಡ ರೈಫಲಿನ ಮುಚ್ಚಿದ ರಂಧ್ರ, ಗೀಟೆಳೆದ ಸಂಖ್ಯೆ, ಬದಲಾದ ಹಿಡಿ, ಇವೇ ಅದರ ನಿಜವಾದ ಚರಿತ್ರೆ: ಯುದ್ಧಕ್ಕೆ ಹೋಯಿತು, ಮುಗಿಸಿ ಬಂದಿತು, ನಿರಸ್ತ್ರಪ್ರಾಯವಾಯಿತು. ಅಲ್ಪವ್ಯಯದ ಜೀರ್ಣೋದ್ಧಾರವು ಈ ಮೂರು ಗುರುತುಗಳನ್ನೂ ಅಳಿಸುತ್ತದೆ. ಆ ಸ್ಥಳದಲ್ಲಿ ಹೊಸ ದುರ್ಬೀನು, ಹಳೆಯದರಂತೆ ಕಾಣಲೆಂದು ಕೆತ್ತಿದ ಮುದ್ರೆ, ಹೊಂದಿಕೆಯಾಗಲೆಂದು ಒತ್ತಿದ ಸಂಖ್ಯೆ. ಅಸಲು ನಂ. ೪ (ಟಿ) ರೈಫಲಿನ ಮರದ ಕೊರಳಲ್ಲಿ ಅದರದೇ ದುರ್ಬೀನಿನ ಸಂಖ್ಯೆಯನ್ನು ಒತ್ತಿರುತ್ತಾರೆ. ಆ ಸಂಖ್ಯೆಯಿಂದಲೇ ಜೋಡಿ ತಿಳಿಯಬೇಕು. ಇಂಥ ಗುರುತುಗಳನ್ನು ಕೃತಕವಾಗಿ ಹಾಕಿದ ಬಂದೂಕುಗಳು ಮಾರುಕಟ್ಟೆಯಲ್ಲಿ ತುಂಬಿ, ಅಸಲು ಯಾವುದು ನಕಲು ಯಾವುದೆಂದು ಸಂಗ್ರಾಹಕರೇ ಒಬ್ಬರನ್ನೊಬ್ಬರು ಶಂಕಿಸುವ ಸ್ಥಿತಿ ಬಂದಿದೆ. ಶಾಸನದ ಕಲ್ಲಿನಲ್ಲಿ ಸವೆದ ಅಕ್ಷರವನ್ನು ಊಹಿಸಿ ಹೊಸದಾಗಿ ಕೆತ್ತಿದವನನ್ನು ಯಾವ ವಿದ್ವಾಂಸನೂ ಇತಿಹಾಸಪ್ರೇಮಿಯೆನ್ನಲಾರ. ಇಲ್ಲಿ ಹಿಂಸೆಯ ಮಾತು ಹಾಗಿರಲಿ, ಸತ್ಯವ್ರತವೇ ಮೊದಲು ಭಂಗವಾಗಿದೆ.

ಮೂರನೆಯದು ಗಂಭೀರವಾದ ಮಾತು. ಈ ರೈಫಲುಗಳು ಆಕ್ರಮಣಕಾರನ ಕೈಯಲ್ಲಿರಲಿಲ್ಲ, ಆಕ್ರಾಂತರ ಕೈಯಲ್ಲಿದ್ದವು. ಒಡೆಸ್ಸಾ, ಸೆವಸ್ತೊಪೋಲ್‌ಗಳಲ್ಲಿ ಹೋರಾಡಿ ೩೦೯ ಶತ್ರುಗಳನ್ನು ಕೊಂದಳೆಂದು ದಾಖಲೆಗೆ ಸೇರಿದ ಲ್ಯುದ್ಮಿಲಾ ಪಾವ್ಲಿಚೆಂಕೊ ಯುದ್ಧಕ್ಕೆ ಮೊದಲು ಇತಿಹಾಸದ ವಿದ್ಯಾರ್ಥಿನಿಯಾಗಿದ್ದವಳು. ೧೯೪೨ರಲ್ಲಿ ಅವಳು ಅಮೆರಿಕಕ್ಕೆ ಹೋದಾಗ ರಾಷ್ಟ್ರಾಧ್ಯಕ್ಷನ ಪತ್ನಿಯೇ ಅವಳನ್ನು ಆದರಿಸಿದರು. ಅವಳನ್ನು ನಿಂದಿಸುವ ಅಧಿಕಾರ ಸುಖವಾಗಿ ಕುಳಿತು ಓದುವವರಿಗಿಲ್ಲ. ಜೈನಧರ್ಮವೂ ಆ ಹುಡುಗಾಟಕ್ಕೆ ಇಳಿದಿಲ್ಲ. ಗೃಹಸ್ಥನ ಹಿಂಸೆಯನ್ನು ವಿಂಗಡಿಸುವಾಗ ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳನ್ನು ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿ, ಕೊನೆಯದನ್ನು ಮಾತ್ರ ಸರ್ವಥಾ ಬಿಡಬೇಕೆಂದಿದೆ. ಶ್ರವಣಬೆಳ್ಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ. ಜಿನಭಕ್ತನಾದ ಗಂಗರಾಜ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ. ಖಡ್ಗ ಹಿಡಿದವರೆಂದು ಅವರನ್ನು ಸಮಾಜ ಹೊರಗಿಡಲಿಲ್ಲ. ಆದರೆ ಚಾವುಂಡರಾಯನು ಬೆಟ್ಟದ ಮೇಲೆ ನಿಲ್ಲಿಸಿದುದು ತನ್ನ ಖಡ್ಗವನ್ನಲ್ಲ. ವಿರೋಧಿ ಹಿಂಸೆಗೆ ದೊರೆಯುವ ವಿನಾಯಿತಿಯು ವಿರೋಧಿ ಎದುರಿಗಿರುವಷ್ಟು ಕಾಲ ಮಾತ್ರ, ಆ ಸೈನಿಕನಿಗೆ ಮಾತ್ರ. ಅದು ಆಯುಧಕ್ಕೆ ಅಂಟಿಕೊಂಡು ಎಂಬತ್ತು ವರ್ಷಗಳ ಬಳಿಕ ಅದನ್ನು ಕೊಂಡವನಿಗೆ ದಾಯಭಾಗವಾಗಿ ಬರುವುದಿಲ್ಲ. ಪಾವ್ಲಿಚೆಂಕೊಳ ಸಂಕಟವಾಗಲಿ, ಕರ್ತವ್ಯವಾಗಲಿ ಇಲ್ಲದೆ ಅವಳ ಉಪಕರಣವನ್ನಷ್ಟೇ ಬಯಸುವವನಲ್ಲಿ ಉಳಿಯುವುದು ಏನು?

ಸ್ನೈಪರನ ಕೆಲಸದ ಸ್ವರೂಪವನ್ನೂ ಇಲ್ಲಿ ನೆನೆಯಬೇಕು. ಫಿರಂಗಿ ಸಿಡಿಸುವವನು ಯಾರು ಸತ್ತರೆಂದು ಅರಿಯನು. ಸ್ನೈಪರನು ಅರಿತೇ ಕೊಲ್ಲಬೇಕು. ಮುಖವನ್ನು ಆಯ್ದುಕೊಂಡು, ಉಸಿರು ಬಿಗಿಹಿಡಿದು, ಆ ಮನುಷ್ಯ ಬೀಡಿ ಹಚ್ಚುವುದನ್ನೋ ಬೂಟಿನ ದಾರ ಕಟ್ಟುವುದನ್ನೋ ನೋಡುತ್ತ ನೋಡುತ್ತ ಕುದುರೆಯನ್ನು ಒತ್ತಬೇಕು. ಆದಿಪುರಾಣದಲ್ಲಿ ಪಂಪನು ಹೇಳುವ ಭರತ ಬಾಹುಬಲಿಯರ ಕಥೆ ಕನ್ನಡಿಗರಿಗೆಲ್ಲ ತಿಳಿದುದೇ. ಎರಡು ಸೇನೆಗಳು ಸಾಯುವುದನ್ನು ತಪ್ಪಿಸಲು ಅಣ್ಣತಮ್ಮಂದಿರು ನಿರಾಯುಧರಾಗಿ ಮೊದಲು ತೊಡಗಿದುದು ದೃಷ್ಟಿಯುದ್ಧಕ್ಕೆ. ಅಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ರೆಪ್ಪೆ ಮಿಟುಕಿಸಿದವನು ಸೋತನು, ಯಾರೂ ಸಾಯಲಿಲ್ಲ. ದುರ್ಬೀನಿನ ಯುದ್ಧದಲ್ಲಿ ಒಬ್ಬನೇ ನೋಡುತ್ತಾನೆ. ನೋಡಿಸಿಕೊಂಡವನಿಗೆ ತಾನು ಯುದ್ಧದಲ್ಲಿದ್ದೇನೆಂದು ತಿಳಿಯುವಷ್ಟೂ ಹೊತ್ತಿರುವುದಿಲ್ಲ. ರಾಷ್ಟ್ರರಕ್ಷಣೆಯ ಒತ್ತಡದಲ್ಲಿ ಇದನ್ನೂ ಒಬ್ಬ ಸೈನಿಕ ಮಾಡಬೇಕಾದೀತು. ಬಿಡುವಿನ ದಿನದ ವಿನೋದಕ್ಕೆಂದು ಅದೇ ಗಾಜಿಗೆ ಕಣ್ಣಿಡಬೇಕಾದ ಒತ್ತಡ ಯಾರಿಗೂ ಇಲ್ಲ.

'ಆದರೆ ಗುರಿ ಕಾಗದದ್ದು' ಎಂಬ ಉತ್ತರ ತಕ್ಷಣ ಬರುತ್ತದೆ. ಈ ಉತ್ತರವನ್ನು ಜನ್ನನ ಯಶೋಧರಚರಿತೆಯನ್ನು ಓದಿದವರ ಮುಂದೆ ಹೇಳದಿರುವುದು ಲೇಸು. ತಾಯಿ ಚಂದ್ರಮತಿಯ ಬಲವಂತಕ್ಕೆ ಮಣಿದು ಯಶೋಧರನು ಮಾರಿಗೆ ಬಲಿಕೊಟ್ಟುದು ಜೀವಂತ ಹುಂಜವನ್ನಲ್ಲ, ಹಿಟ್ಟಿನ ಹುಂಜವನ್ನು. ಅಷ್ಟಕ್ಕೇ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ತೊಳಲಿದರು. ಕಥೆಯನ್ನು ಅಕ್ಷರಶಃ ನಂಬದವನಿಗೂ ಅದರ ತರ್ಕ ಸ್ಪಷ್ಟ: ಕೈಯ ಮುಂದಿರುವುದು ಹಿಟ್ಟಾದರೂ ಮನಸ್ಸಿನ ಮುಂದಿದ್ದುದು ಹುಂಜ. ಎಲ್ಲ ಗುರಿಯಾಟವೂ ಪಾಪವೆಂದು ಇದರಿಂದ ಸಾಧಿಸಬೇಕಾಗಿಲ್ಲ. ಒಲಿಂಪಿಕ್ ಕ್ರೀಡೆಯ ವಾಯುರೈಫಲು ಯುದ್ಧಕ್ಕೆ ಹೋದುದಲ್ಲ, ಹೋಗುವುದೂ ಇಲ್ಲ. ಅದರ ಮುಂದಿರುವುದು ವೃತ್ತಗಳು. ಬರಿಯ ಗುರಿಯ ಕೌಶಲವನ್ನು ಬಯಸುವವನಿಗೆ ಆ ಮಾರ್ಗ ತೆರೆದೇ ಇದೆ. ಅದನ್ನು ಬಿಟ್ಟು ಮನುಷ್ಯರನ್ನು ಕೊಂದ ರೈಫಲೇ ಬೇಕು, ಅದು ಕೊಂದಾಗ ಇದ್ದ ರೂಪದಲ್ಲಿಯೇ ಬೇಕು, ಕೊಂದಾಗ ಇದ್ದ ದುರ್ಬೀನಿನ ಮಾದರಿಯೇ ಬೇಕು ಎನ್ನುವವನ ಕಾಗದ ಹಿಟ್ಟಿನ ಹುಂಜವಲ್ಲದೆ ಮತ್ತೇನು?

ಇವರ ಇತಿಹಾಸಪ್ರೇಮವನ್ನು ಪರೀಕ್ಷಿಸುವ ಒಂದು ಒರೆಗಲ್ಲು ಬ್ರಿಟನ್ನಿನಲ್ಲಿದೆ. ಅಲ್ಲಿ ೧೯೮೮ರ ಶಾಸನದ ಬಳಿಕ ಹಳೆಯ ಬಂದೂಕಿನ ನಳಿಗೆಯನ್ನೂ ಬೋಲ್ಟನ್ನೂ ಗುಂಡು ಹಾರಿಸಲಾಗದಂತೆ ಮಾಡಿಸಿ, ಅಧಿಕೃತ ಪರೀಕ್ಷೆಯಾದ ಮೇಲೆ ಪ್ರಮಾಣಪತ್ರ ಪಡೆದು ಮನೆಯಲ್ಲಿಡುವ ಕ್ರಮವಿದೆ. ಹೊರಗಿನ ಮರ, ಮುದ್ರೆ, ದುರ್ಬೀನು, ಎಲ್ಲವೂ ಇದ್ದಂತೆಯೇ ಇರುತ್ತವೆ. ಸಾಕ್ಷಿಯಷ್ಟೇ ಬೇಕಾದವನಿಗೆ ಇದಕ್ಕಿಂತ ಹೆಚ್ಚೇನು ಬೇಕು? ಆದರೂ ಸಂಗ್ರಾಹಕರಲ್ಲಿ ಬಹುಮಂದಿ ಇಂಥದನ್ನು ಹಾಳು ಮಾಡಿದ ಬಂದೂಕೆಂದೇ ಕರೆಯುತ್ತಾರೆ. ನಷ್ಟವಾದುದು ಹಾರಿಸುವ ಶಕ್ತಿಯೊಂದೇ ಆಗಿರುವಾಗ, ಅದರ ನಷ್ಟವನ್ನೇ ಸರ್ವನಾಶವೆಂದು ಅಳುವವರು ಇಷ್ಟು ದಿನ ಪ್ರೀತಿಸಿದುದು ಯಾವುದನ್ನೆಂದು ಬೇರೆ ಹೇಳಬೇಕಾಗಿಲ್ಲ.

ಈ ರೈಫಲುಗಳ ಕಾಲ ಮುಗಿಯಿತೆಂಬ ಸಮಾಧಾನವೂ ಟೊಳ್ಳು. ೨೦೨೨ರಲ್ಲಿ ಯುಕ್ರೇನಿನ ಮೇಲೆ ರಷ್ಯದ ಆಕ್ರಮಣ ನಡೆದಾಗ, ಡೊನೆಟ್ಸ್ಕ್ ಪ್ರದೇಶದಲ್ಲಿ ಸೈನ್ಯಕ್ಕೆ ಎಳೆದು ತಂದವರ ಕೈಗಳಲ್ಲಿ ಮೊಸಿನ್-ನಗಾಂ ರೈಫಲುಗಳು ಕಾಣಿಸಿಕೊಂಡವು. ಮಾಡಿದವರೆಲ್ಲ ಸತ್ತ ಮೇಲೂ ಮಾಡಿದ ವಸ್ತು ಕೆಲಸಕ್ಕೆ ಸಿದ್ಧವಾಗಿಯೇ ಇತ್ತು. ಮನೆಯ ಬೀರುವಿನಲ್ಲಿರುವುದಕ್ಕೂ ಇದೇ ಮಾತು. ತಿದ್ದಿದವನು ಸಾತ್ವಿಕನೇ ಇರಬಹುದು. ಅವನ ಬಳಿಕ ಅದು ಮಗನಿಗೋ ಮೊಮ್ಮಗನಿಗೋ ಹರಾಜಿನಲ್ಲಿ ಕೊಂಡ ಅಪರಿಚಿತನಿಗೋ ಹೋಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಎಣಿಸಿ, ಕೊಡಲಿ, ಕತ್ತಿ, ಬೆಂಕಿ, ವಿಷಾದಿ ವಧಸಾಧನಗಳನ್ನು ಇತರರಿಗೆ ಕೊಡುವುದನ್ನು ಹಿಂಸಾದಾನವೆಂದು ಕರೆದರು. ಕೊಡುವವನ ಮನಸ್ಸಿನಲ್ಲಿ ದ್ವೇಷವಿರಬೇಕೆಂಬ ನಿಯಮವನ್ನು ಅವರು ಹಾಕಲಿಲ್ಲ. ಪ್ರಯೋಜನವಿಲ್ಲದೆ ತಗುಲುವ ಪಾಪವಾದುದರಿಂದಲೇ ಅದು ಅನರ್ಥದಂಡ.

ಭಾರತದಲ್ಲಿ ಈ ಹವ್ಯಾಸಕ್ಕೆ ಎಡೆಯಿಲ್ಲ. ೧೯೫೯ರ ಆಯುಧ ಶಾಸನದಂತೆ ಬಂದೂಕಿನ ದುರಸ್ತಿ, ಮಾರ್ಪಾಡುಗಳ ಕಸಬಿಗೂ ಪರವಾನಗಿ ಬೇಕು; .೩೦೩ ನಳಿಗೆಯು ಸಾಮಾನ್ಯರಿಗೆ ನಿಷಿದ್ಧ. ೨೦೧೯ರ ತಿದ್ದುಪಡಿಯಿಂದ ಒಬ್ಬನು ಇಡಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದಿವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಎತ್ತಿಹಿಡಿದುದನ್ನು ಕೆಲವರು ಇಲ್ಲಿ ಮುಂದೊಡ್ಡುತ್ತಾರೆ. ಕೈಲ್‌ಪೋದಿನಂದು ಪೂಜೆಗೊಳ್ಳುವ ಕೊಡಗಿನ ಮನೆಯ ಕೋವಿ ಆ ನೆಲದ, ಆ ಕುಲದ ಆಚಾರಕ್ಕೆ ಸೇರಿದುದು. ಅದರ ವಿಚಾರ ಬೇರೆಯೇ ಆಗಬೇಕು. ಅಂಗಡಿಯಿಂದ ಕೊಂಡ ಪರರ ಯುದ್ಧದ ಆಯುಧಕ್ಕೆ ಅದನ್ನು ಉಪಮೆಯಾಗಿ ತರುವುದು ಕೊಡವರಿಗೂ ನ್ಯಾಯವಲ್ಲ.

ಹೊರದೇಶದ ಮನೆಯಲ್ಲಿ ಇಂಥದೊಂದು ಆಗಲೇ ಬಂದು ಸೇರಿದ್ದರೆ ಮಾಡಬೇಕಾದುದು ಕಷ್ಟದ್ದಲ್ಲ. ಮುಚ್ಚಿದ ರಂಧ್ರವನ್ನು ಬಿಡಿಸದೆ ಹಾಗೆಯೇ ಬಿಡುವುದು. ದುರ್ಬೀನಿಗೆಂದು ತೆಗೆದಿಟ್ಟ ಹಣವನ್ನು ಪರವಾನಗಿಯುಳ್ಳ ಬಂದೂಕು ಕುಶಲಕರ್ಮಿಗೆ ಕೊಟ್ಟು ನಳಿಗೆಯನ್ನೂ ಬೋಲ್ಟನ್ನೂ ಬೆಸುಗೆ ಹಾಕಿಸುವುದು. ಹಾಗೆ ಮಾಡಿಸಿದ ಕಾಗದವನ್ನು ಬಂದೂಕಿನ ಜೊತೆಯಲ್ಲಿಯೇ ಇಡುವುದು. ಮರಕ್ಕೆ ಅಗಸೆ ಎಣ್ಣೆ ಸವರುವ ಕೆಲಸ ಆ ಬಳಿಕವೂ ವರ್ಷಕ್ಕೊಮ್ಮೆ ನಡೆಯಬಹುದು.